ಮೊದಲು ಲೆಕ್ಕದ ಕಥೆ, ಆಮೇಲೆ ಲೆಕ್ಕ: ಪುಟ್ಟ ಮಕ್ಕಳಿಗೆ ಗಣಿತ ಶುರು ಮಾಡಿಸುವುದು ಹೇಗೆ?

"ನಮ್ಮ ಮಗು ನೂರರವರೆಗೆ ಗಡಗಡ ಅಂತ ಹೇಳುತ್ತೆ. ಆದ್ರೆ ಐದಕ್ಕೆ ಮೂರು ಸೇರಿಸಿದ್ರೆ ಎಷ್ಟು ಅಂದ್ರೆ ಕಣ್ಣು ಕಣ್ಣು ಬಿಡುತ್ತೆ. ಏನ್ ಮಾಡೋದು?" ಈ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಸುಮಾರು 3ರಿಂದ 7 ವರ್ಷದ ಮಕ್ಕಳಿರುವ ಮನೆಯವರಿಗೆ ಇದು.

ನಾವು ಸಾಮಾನ್ಯವಾಗಿ ಮಾಡುವುದೇನು? ಮೊದಲು ಅಂಕಿ ಬರೆಸುತ್ತೇವೆ, ಆಮೇಲೆ ಕೂಡುವುದು ಕಳೆಯುವುದು ಹೇಳಿಕೊಡುತ್ತೇವೆ. ವಾಕ್ಯರೂಪದ ಲೆಕ್ಕ, ಅಂದರೆ ಕಥೆಯ ಥರ ಬರುವ ಲೆಕ್ಕ, ಎಲ್ಲಕ್ಕಿಂತ ಕೊನೆಗೆ. ಅದು ಕಷ್ಟ ಅನ್ನುವ ಭಯ ಬೇರೆ. ಪುಟ್ಟ ಮಕ್ಕಳ ವಿಷಯದಲ್ಲಿ ಈ ಕ್ರಮ ಉಲ್ಟಾ ಅನ್ನುವುದು ನನ್ನ ಅಭಿಪ್ರಾಯ. 5 + 3 ಅಂತ ಬರೆದರೆ ಅವರಿಗೆ ಕಾಣುವುದು ಮೂರು ಗೀಚು. "ನಿನ್ನ ಹತ್ರ ಐದು ಗೋಲಿ ಇತ್ತು, ನಾನು ಮೂರು ಕೊಟ್ಟೆ" ಅಂದರೆ ಇಡೀ ಸಂಗತಿ ಕಣ್ಣಿಗೆ ಕಟ್ಟುತ್ತದೆ.

ಇದು ಬರೀ ನನ್ನ ಮಾತಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಜೊತೆಗಾರರು 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದನೇ ತರಗತಿಗೆ ಇನ್ನೂ ಹೋಗದ 70 ಮಕ್ಕಳಿಗೆ 9 ಕಥೆ ಲೆಕ್ಕ ಕೊಟ್ಟಿದ್ದರು. ಅದರಲ್ಲಿ ಹಂಚುವ, ಗುಂಪು ಮಾಡುವ ಲೆಕ್ಕಗಳೂ ಇದ್ದವು. 32 ಮಕ್ಕಳು ಒಂಬತ್ತಕ್ಕೆ ಒಂಬತ್ತನ್ನೂ ಸರಿಯಾದ ದಾರಿಯಲ್ಲೇ ಬಿಡಿಸಲು ಹೊರಟರು. ಅದಕ್ಕೆ ಮಗ್ಗಿ ಬೇಕಾಗಲಿಲ್ಲ. ಕಥೆಯಲ್ಲಿ ಆದದ್ದನ್ನೇ ವಸ್ತುಗಳಲ್ಲಿ ಮಾಡಿ ನೋಡಿದರು, ಅಷ್ಟೇ.

ಏನೇನು ಬೇಕು?

ಒಂದೇ ಥರದ 20 ವಸ್ತುಗಳು: ಗುಂಡಿ, ಬಾಟಲಿ ಮುಚ್ಚಳ, ಗೋಲಿ, ಏನಾದರೂ ಸರಿ. ಎರಡು ಬಣ್ಣದವಾದರೆ ಇನ್ನೂ ಒಳ್ಳೆಯದು. ಒಂದು ದಾಳ, ಒಳಗಿರುವುದು ಕಾಣದಂಥ ಒಂದು ಡಬ್ಬಿ, ಕಾಗದ, ಪೆನ್ಸಿಲ್. ದಿನಕ್ಕೆ ಹತ್ತು ನಿಮಿಷ ಸಾಕು. ಕಷ್ಟ ಇರುವುದು ಬಾಯಿ ಮುಚ್ಚಿಕೊಂಡು ಕೂರುವುದರಲ್ಲಿ, ಅದು ಮುಂದೆ ಬರುತ್ತದೆ.

ಮನೆಯಲ್ಲಿ 3 ವರ್ಷಕ್ಕಿಂತ ಚಿಕ್ಕ ಮಗು ಇದ್ದರೆ ಗುಂಡಿ, ಗೋಲಿ ಬೇಡವೇ ಬೇಡ. ಬಾಯಿಗೆ ಹಾಕಿಕೊಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ದೊಡ್ಡ ಬ್ಲಾಕ್ ಬಳಸಿ.

ಹಂತ 1: ಮಗು ಎಲ್ಲಿದೆ ಅಂತ ನೋಡಿ

ಬಟ್ಟಲಲ್ಲಿ 15 ಗುಂಡಿ ಹಾಕಿ. "ನನಗೆ ಮೂರು ಕೊಡು" ಅನ್ನಿ. ಕೊಟ್ಟರೆ "ಈಗ ಐದು ಕೊಡು" ಅನ್ನಿ. ಹತ್ತರವರೆಗೆ ಲೀಲಾಜಾಲವಾಗಿ ಹೇಳುವ ಮಗುವೇ ಐದು ಕೇಳಿದಾಗ ಒಂದು ಹಿಡಿ ಎತ್ತಿ ಕೊಟ್ಟುಬಿಡಬಹುದು. ಗಾಬರಿಯಾಗಬೇಡಿ. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಒಂದು, "ಐದು" ಅಂದರೆ ಇಷ್ಟು ಅಂತ ತಿಳಿಯುವುದು ಇನ್ನೊಂದು. ಮನಶ್ಶಾಸ್ತ್ರಜ್ಞೆ ಕ್ಯಾರೆನ್ ವಿನ್ 1990ರ ಸುಮಾರಿಗೆ ಇದೇ ರೀತಿ ಕೇಳಿ ನೋಡಿದ್ದರು. ಮಕ್ಕಳಿಗೆ ಮೊದಲು "ಒಂದು" ಮಾತ್ರ ಅರ್ಥವಾಗುತ್ತದೆ. ತಿಂಗಳುಗಳು ಕಳೆದ ಮೇಲೆ "ಎರಡು", ಆಮೇಲೆ "ಮೂರು". ಅಲ್ಲಿಂದ ಮುಂದೆ ಎಣಿಕೆಯ ಗುಟ್ಟು ಒಮ್ಮೆಲೇ ಹೊಳೆದಂತೆ ಉಳಿದ ಸಂಖ್ಯೆಗಳೂ ದಕ್ಕುತ್ತವೆ. ಹೆಚ್ಚಿನ ಮಕ್ಕಳಿಗೆ ಇದು ಮೂರೂವರೆ, ನಾಲ್ಕರ ಆಸುಪಾಸಿನಲ್ಲಿ ಆಗುತ್ತದೆ. ಸ್ವಲ್ಪ ಹಿಂದೆಮುಂದೆ ಆಗುವುದು ಮಾಮೂಲಿ.

ಇನ್ನೊಂದು ಪರೀಕ್ಷೆ. ಆರು ಗುಂಡಿ ಎಣಿಸಲು ಹೇಳಿ. ಮುಗಿದ ತಕ್ಷಣ "ಹಾಗಾದ್ರೆ ಒಟ್ಟು ಎಷ್ಟಿವೆ?" ಅಂತ ಕೇಳಿ. "ಆರು" ಅಂದರೆ ಮೂರನೇ ಹಂತಕ್ಕೆ ಹೋಗಿ. ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದರೆ ಎರಡನೇ ಹಂತದಲ್ಲಿ ಸ್ವಲ್ಪ ದಿನ ಇರಿ.

ಹಂತ 2: ಎಣಿಕೆ ಗಟ್ಟಿ ಮಾಡಿ

ಎಣಿಕೆ ಸರಿಯಾಗಲು ಮುಖ್ಯವಾಗಿ ಮೂರು ಸಂಗತಿ ಕೂಡಿಬರಬೇಕು ಅಂತ ಮನಶ್ಶಾಸ್ತ್ರಜ್ಞರಾದ ರೋಶೆಲ್ ಗೆಲ್ಮನ್ ಮತ್ತು ಚಾರ್ಲ್ಸ್ ಗ್ಯಾಲಿಸ್ಟೆಲ್ 1978ರಲ್ಲೇ ಹೇಳಿದ್ದಾರೆ. ಒಂದು ವಸ್ತುವಿಗೆ ಒಂದೇ ಹೆಸರು. ಹೆಸರುಗಳ ಕ್ರಮ ಪ್ರತಿ ಸಲವೂ ಅದೇ. ಕೊನೆಗೆ ಹೇಳಿದ ಹೆಸರೇ ಒಟ್ಟು ಮೊತ್ತ. ಮಕ್ಕಳು ಎಡವುವುದು ಹೆಚ್ಚಾಗಿ ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ.

ಮೊದಲನೆಯದಕ್ಕೆ ಮದ್ದು ಸುಲಭ: ಎಣಿಸಿದ್ದನ್ನು ಮುಟ್ಟಿ ಪಕ್ಕಕ್ಕೆ ಸರಿಸಲಿ. ಬಾಯಿ ಓಡುತ್ತದೆ, ಬೆರಳು ಹಿಂದೆ ಬೀಳುತ್ತದೆ. ಸರಿಸುವ ಕೆಲಸ ಕೊಟ್ಟರೆ ಎರಡೂ ಜೊತೆಯಾಗುತ್ತವೆ. ಕೊನೆಯದಕ್ಕೆ, ನೀವೇ ಮೊದಲು ಮೊತ್ತ ಹೇಳಿ, ಆಮೇಲೆ ಎಣಿಸಿ ತೋರಿಸಿ: "ನೋಡು, ನಾಲ್ಕು ಗುಂಡಿ. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಗುಂಡಿ."

ಜೊತೆಗೆ ಎಣಿಸದೆ ಹೇಳುವ ಆಟವೂ ಇರಲಿ. ದಾಳದ ಮುಖದಲ್ಲಿ ಮೂರು ಚುಕ್ಕಿ ಕಂಡರೆ ನಾವು ಎಣಿಸುವುದಿಲ್ಲ, ನೋಡಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಮೂರು ನಾಲ್ಕರವರೆಗೆ ನಮ್ಮ ಕಣ್ಣಿಗೆ ಈ ಶಕ್ತಿ ಇದೆ. ಮೂರು ಗುಂಡಿ ಇಟ್ಟು ಎರಡು ಸೆಕೆಂಡ್ ತೋರಿಸಿ, ಕೈ ಮುಚ್ಚಿ, "ಎಷ್ಟಿತ್ತು?" ಅಂತ ಕೇಳಿ. ಮಕ್ಕಳಿಗೆ ಇದು ಭಾರೀ ಇಷ್ಟ.

ಎಣಿಕೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅಂತಲೂ ತುಂಬಾ ಜನ ಕೇಳುತ್ತಾರೆ. ಮನೆಯಲ್ಲಿ ಯಾವ ಭಾಷೆ ಆಡುತ್ತೀರೋ ಅದರಲ್ಲಿ. ಒಂದು ಕಥೆಯ ಮಧ್ಯೆ ಭಾಷೆ ಬದಲಿಸಬೇಡಿ, ಅಷ್ಟೇ.

ಒಂದು ಎಚ್ಚರಿಕೆ. ಆರು ಗುಂಡಿಗಳ ಎರಡು ಸಾಲು ಇಟ್ಟು, ಒಂದು ಸಾಲನ್ನು ಅಗಲಕ್ಕೆ ಹರಡಿದರೆ "ಇದ್ರಲ್ಲಿ ಜಾಸ್ತಿ ಇದೆ" ಅಂತ ಪುಟ್ಟ ಮಕ್ಕಳು ಹೇಳಬಹುದು. ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿದ ಪ್ರಸಿದ್ಧ ಸಂಗತಿ ಇದು. ಆರೇಳು ವರ್ಷದ ಹೊತ್ತಿಗೆ ತಾನೇ ಸರಿಹೋಗುತ್ತದೆ. ವಾದ ಮಾಡಬೇಡಿ, "ಎಣಿಸಿ ನೋಡೋಣ" ಅಂದು ಮುಂದೆ ಹೋಗಿ.

ಹಂತ 3: ಕಥೆ ಹೇಳಿ, ಆದರೆ ಕ್ರಮ ನೋಡಿಕೊಂಡು

ಇದು ಇಡೀ ಲೇಖನದ ಮುಖ್ಯ ಭಾಗ. ಎಲ್ಲ ಕಥೆ ಲೆಕ್ಕಗಳೂ ಒಂದೇ ಕಷ್ಟದವಲ್ಲ. ನಮಗೆ "5 ಮತ್ತು 3ರ ಲೆಕ್ಕ" ಅನ್ನಿಸುವುದು ಮಗುವಿಗೆ ನಾಲ್ಕೈದು ಬೇರೆ ಬೇರೆ ಲೆಕ್ಕ. ಈ ಕ್ರಮದಲ್ಲಿ ಕೊಡಿ.

ಮೊದಲು, ಕೊನೆಯಲ್ಲಿ ಎಷ್ಟು ಅಂತ ಕೇಳುವ ಕಥೆ. "ನಿನ್ನ ಹತ್ರ 5 ಗೋಲಿ ಇತ್ತು. ನಾನು 3 ಕೊಟ್ಟೆ. ಈಗ ಎಷ್ಟು?" "8 ಗೋಲಿ ಇತ್ತು. 3 ಕಳೆದುಹೋಯ್ತು. ಎಷ್ಟು ಉಳೀತು?" ಹಂಚುವ ಕಥೆಗಳನ್ನೂ ಈಗಲೇ ಸೇರಿಸಿ: "12 ಗೋಲಿ ಇದೆ, 3 ಜನ ಸಮನಾಗಿ ಹಂಚಿಕೊಳ್ಳಿ." ಭಾಗಾಕಾರ ಅನ್ನುವ ಹೆಸರೇ ಬೇಡ. "ನಿಂಗೊಂದು, ನಂಗೊಂದು" ಅಂತ ಹಂಚಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡನೆಯದು, ನಡುವೆ ಎಷ್ಟು ಅಂತ ಕೇಳುವುದು. "ನಿನ್ನ ಹತ್ರ 5 ಇತ್ತು. ಅಜ್ಜಿ ಇನ್ನೊಂದಷ್ಟು ಕೊಟ್ರು. ಈಗ 8 ಇದೆ. ಅಜ್ಜಿ ಎಷ್ಟು ಕೊಟ್ರು?" ಇಲ್ಲಿ ಬಹಳಷ್ಟು ಮಕ್ಕಳು ಹೇಗೆ ಎಡವುತ್ತಾರೆ ಅಂತ ಹತ್ತಿರದಿಂದ ನೋಡಿ. ಮಗು ಐದು ಇಡುತ್ತದೆ. "ಆರು, ಏಳು, ಎಂಟು" ಅಂತ ಇನ್ನೂ ಮೂರು ಹಾಕುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಹಾಕಿದ್ದು ಅದೇ ಗುಡ್ಡೆಗೆ. ಈಗ "ಎಷ್ಟು ಕೊಟ್ರು?" ಅಂದರೆ ಮುಂದಿರುವುದು ಎಂಟರ ಒಂದೇ ಗುಡ್ಡೆ. ಮಗು "ಎಂಟು" ಅನ್ನುತ್ತದೆ. ಕೂಡಲೇ ನಾವು "ತಪ್ಪು, ಎಂಟರಲ್ಲಿ ಐದು ಕಳೆ" ಅಂತ ಹಾರಿ ಬೀಳುತ್ತೇವೆ. ಹಾಗೆ ಮಾಡಬೇಡಿ. "ಅಜ್ಜಿ ಕೊಟ್ಟದ್ದು ಯಾವ್ದು, ತೋರ್ಸು" ಅಂತ ಮಾತ್ರ ಕೇಳಿ. ಮಗು ಗುಡ್ಡೆ ನೋಡುತ್ತದೆ, ಗೊತ್ತಾಗದೆ ತಡವರಿಸುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ತಾನೇ ಹೊಸ ಗುಂಡಿಗಳನ್ನು ಸ್ವಲ್ಪ ದೂರ ಇಡುತ್ತದೆ, ಇಲ್ಲವೇ ಬೇರೆ ಬಣ್ಣದವನ್ನು ಎತ್ತಿಕೊಳ್ಳುತ್ತದೆ. ಆ ದೂರ ಇಡುವುದು ಇದೆಯಲ್ಲ, ಅದೇ ಗಣಿತ. ಅದನ್ನು ನಾವು ಹೇಳಿಕೊಟ್ಟುಬಿಟ್ಟರೆ ಇವತ್ತಿನ ಉತ್ತರ ಸಿಗುತ್ತದೆ, ನಾಳೆ ಮತ್ತೆ ಅದೇ ಗುಡ್ಡೆ.

ಮೂರನೆಯದು ಹೋಲಿಕೆ. "ನಿನ್ನ ಹತ್ರ 7, ನನ್ನ ಹತ್ರ 4. ನಿನ್ನ ಹತ್ರ ಎಷ್ಟು ಜಾಸ್ತಿ ಇದೆ?" ಇದಕ್ಕೆ "ಏಳು" ಅನ್ನುವ ಮಕ್ಕಳೇ ಹೆಚ್ಚು. ಪ್ರಶ್ನೆ "ಯಾರ ಹತ್ರ ಜಾಸ್ತಿ" ಅಂತ ಅವರಿಗೆ ಕೇಳಿಸಿರುತ್ತದೆ. 1983ರಲ್ಲಿ ಟಾಮ್ ಹಡ್ಸನ್ ಎಂಬ ಸಂಶೋಧಕ ಒಂದು ಚೆಂದದ ಉಪಾಯ ಮಾಡಿದರು. ಹಕ್ಕಿಗಳ ಮತ್ತು ಹುಳುಗಳ ಚಿತ್ರ ತೋರಿಸಿ, "ಹುಳುಗಳಿಗಿಂತ ಹಕ್ಕಿಗಳು ಎಷ್ಟು ಜಾಸ್ತಿ?" ಅಂದಾಗ ಪುಟ್ಟ ಮಕ್ಕಳು ತಡವರಿಸಿದರು. ಅದೇ ಚಿತ್ರಕ್ಕೆ "ಎಲ್ಲ ಹಕ್ಕಿಗಳೂ ಒಂದೊಂದು ಹುಳ ಹಿಡಿಯಲು ಓಡಿದರೆ, ಎಷ್ಟು ಹಕ್ಕಿಗೆ ಹುಳ ಸಿಗಲ್ಲ?" ಅಂದಾಗ ಬಹುತೇಕ ಮಕ್ಕಳು ಸರಿ ಉತ್ತರ ಕೊಟ್ಟರು. ಲೆಕ್ಕ ಅದೇ, ಕೇಳಿದ ರೀತಿ ಬೇರೆ. ನೀವೂ ಹಾಗೇ ಶುರು ಮಾಡಿ: "7 ಜನ ಇದ್ದಾರೆ, 4 ಕುರ್ಚಿ ಇದೆ. ಎಷ್ಟು ಜನಕ್ಕೆ ಕುರ್ಚಿ ಸಿಗಲ್ಲ?" ಇದು ಸಲೀಸಾದ ಮೇಲೆ "ಎಷ್ಟು ಜಾಸ್ತಿ" ಅನ್ನುವ ಮಾತು ತನ್ನಿ.

ಕೊನೆಯದು, ಮೊದಲು ಎಷ್ಟಿತ್ತು ಅಂತ ಕೇಳುವುದು. "ನನ್ನ ಹತ್ರ ಒಂದಷ್ಟು ಗೋಲಿ ಇತ್ತು. 3 ಕೊಟ್ಟುಬಿಟ್ಟೆ. ಈಗ 5 ಉಳಿದಿದೆ. ಮೊದಲು ಎಷ್ಟಿತ್ತು?" ಎಲ್ಲಕ್ಕಿಂತ ಕಷ್ಟ ಇದೇ. ಶುರುವಿಗೆ ಎಷ್ಟು ಗುಂಡಿ ಇಡಬೇಕು ಅನ್ನುವುದೇ ಗೊತ್ತಿಲ್ಲವಲ್ಲ! ಒಂದನೇ ತರಗತಿ ಮುಗಿಯುವವರೆಗೂ ಇದು ಬರದಿದ್ದರೆ ತಲೆಕೆಡಿಸಿಕೊಳ್ಳಬೇಡಿ.

ಕಥೆಯಲ್ಲಿ ಸಂಖ್ಯೆ ಚಿಕ್ಕದಿರಲಿ, ವಾಕ್ಯವೂ ಚಿಕ್ಕದಿರಲಿ, ಮಗುವಿನ ಹೆಸರು ಇರಲಿ. ದಿನಕ್ಕೆ ಎರಡು ಮೂರು ಕಥೆ ಸಾಕು. ಮಗು ತಾನೇ ಕಥೆ ಕಟ್ಟಿ ನಿಮಗೆ ಕೇಳಿದರೆ ಬಿಡಬೇಡಿ, ನೀವೂ ಗುಂಡಿ ಇಟ್ಟೇ ಬಿಡಿಸಿ.

ಹಂತ 4: ಸುಮ್ನೆ ಕೂತು ನೋಡಿ

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ಅಲ್ಲಿಯವರೆಗೆ ಮಾತಿಲ್ಲ, ಕೈ ತೋರಿಸುವುದಿಲ್ಲ, "ಹ್ಞಾಂ... ಎಂ...ಟು?" ಅಂತ ಎಳೆಯುವುದೂ ಇಲ್ಲ. ಮಗು ಸಿಕ್ಕಿಹಾಕಿಕೊಂಡರೆ ಉತ್ತರದ ದಾರಿ ತೋರಿಸದೆ ಕಥೆಯನ್ನೇ ಇನ್ನೊಮ್ಮೆ ಹೇಳಿ. ಆಮೇಲೆ "ಮೊದ್ಲು ಏನಾಯ್ತು? ಅದನ್ನ ಗುಂಡೀಲಿ ತೋರ್ಸು" ಅನ್ನಿ.

ಉತ್ತರ ಬಂದ ಮೇಲೆ "ಹೇಗೆ ಗೊತ್ತಾಯ್ತು?" ಅಂತ ಕೇಳಿ. ಸರಿ ಉತ್ತರ ಬಂದಾಗಲೂ ಕೇಳಬೇಕು, ಇದನ್ನು ಮರೆಯಬೇಡಿ. ತಪ್ಪಾದಾಗ ಮಾತ್ರ ಕೇಳಿದರೆ ನಾಲ್ಕು ದಿನದಲ್ಲಿ ಮಗುವಿಗೆ ಗುಟ್ಟು ತಿಳಿಯುತ್ತದೆ. "ಹೇಗೆ" ಅಂದ ಕೂಡಲೇ ಉತ್ತರ ಬದಲಿಸಿ ನಿಮ್ಮ ಮುಖ ನೋಡುತ್ತದೆ.

5 ಮತ್ತು 3ರ ಕಥೆಗೆ ನಿಮಗೆ ಮೂರು ಥರದ ಉತ್ತರ ಕಾಣಬಹುದು. ಐದು ಇಟ್ಟು, ಮೂರು ಇಟ್ಟು, ಎಲ್ಲವನ್ನೂ ಒಂದರಿಂದ ಎಣಿಸುವುದು. "ಐದು..." ಅಂತ ನಿಲ್ಲಿಸಿ "ಆರು, ಏಳು, ಎಂಟು" ಅನ್ನುವುದು. "ಐದು ಐದು ಹತ್ತು ಅಲ್ವಾ, ಎರಡು ಕಮ್ಮಿ, ಎಂಟು" ಅನ್ನುವುದು. ಮೂರೂ ಸರಿ. ಒಂದರಿಂದ ಎಣಿಸುವ ಮಗುವನ್ನು ಮೂರನೆಯದಕ್ಕೆ ಎಳೆದು ತರಲು ಹೋಗಬೇಡಿ.

ಹಂತ 5: ಒಂದರಿಂದ ಎಣಿಸುವ ಅಭ್ಯಾಸ ಬಿಡಿಸಲು ಡಬ್ಬಿ

ಮಗು ಹತ್ತರೊಳಗಿನ ಕಥೆಗಳನ್ನು ಗುಂಡಿ ಇಟ್ಟು ಸಲೀಸಾಗಿ ಮಾಡುತ್ತಿದ್ದರೆ ಮಾತ್ರ ಇದಕ್ಕೆ ಬನ್ನಿ. ಐದು ಗುಂಡಿಗಳನ್ನು ಮಗುವೇ ಎಣಿಸಿ ಡಬ್ಬಿಗೆ ಹಾಕಲಿ. ಮುಚ್ಚಳ ಹಾಕಿ. ಹೊರಗೆ ಮೂರು ಇಡಿ. "ಒಟ್ಟು ಎಷ್ಟು?" ಒಳಗಿರುವುದು ಕಾಣುವುದಿಲ್ಲ, ಮತ್ತೆ ಎಣಿಸುವ ಹಾಗಿಲ್ಲ. ಕೆಲವು ಮಕ್ಕಳು ಮುಚ್ಚಿದ ಡಬ್ಬಿಯ ಮೇಲೇ ಐದು ಸಲ ಬೆರಳು ಕುಟ್ಟಿ ಎಣಿಸುತ್ತಾರೆ. ಕುಟ್ಟಲಿ. ನಿಧಾನಕ್ಕೆ ಒಂದು ದಿನ ಡಬ್ಬಿ ಮುಟ್ಟಿ "ಐದು" ಅಂದು ಮುಂದಕ್ಕೆ ಹೋಗುತ್ತಾರೆ.

ದಾಳದ ಆಟವೂ ಇದಕ್ಕೆ ಒಳ್ಳೆಯದು. 1ರಿಂದ 10ರವರೆಗೆ ಒಂದೇ ನೇರ ಸಾಲಿನಲ್ಲಿ ಚೌಕ ಬರೆದು ಕಾಯಿ ನಡೆಸಿ. ಪುಟ್ಟ ಮಕ್ಕಳಿಗೆ ಆರು ಮುಖದ ದಾಳ ಜಾಸ್ತಿಯಾಯಿತು, 1 ಮತ್ತು 2 ಬರೆದ ಚೀಟಿ ಎತ್ತಿದರೆ ಸಾಕು. ಸಂಶೋಧಕರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಆಟವನ್ನು ಎರಡು ವಾರದಲ್ಲಿ ಒಟ್ಟು ಒಂದು ಗಂಟೆಯಷ್ಟು ಆಡಿದ ಮಕ್ಕಳಿಗೆ ಸಂಖ್ಯೆಗಳ ಹಿರಿಕಿರಿ ಚೆನ್ನಾಗಿ ತಿಳಿಯತೊಡಗಿತ್ತು. ಅಂಕಿ ಬದಲು ಬರೀ ಬಣ್ಣದ ಚೌಕಗಳ ಮೇಲೆ ಆಡಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಒಂದು ಸೂಕ್ಷ್ಮ ಇದೆ. ಕಾಯಿ 5ರಲ್ಲಿದ್ದು 2 ಬಂದರೆ "ಒಂದು, ಎರಡು" ಅಂತ ನಡೆಸಬಾರದು. ಚೌಕದ ಅಂಕಿಯನ್ನೇ ಓದುತ್ತಾ "ಆರು, ಏಳು" ಅಂತ ನಡೆಸಬೇಕು. ಮೊದಮೊದಲು ನೀವೇ ಜೊತೆಗೆ ಹೇಳಿ.

ಹಂತ 6: ಐದು ಮತ್ತು ಹತ್ತರ ಗೆಳೆತನ

ಕಾಗದದ ಮೇಲೆ ಎರಡು ಸಾಲು, ಸಾಲಿಗೆ ಐದು ಮನೆ ಬರೆಯಿರಿ. ಇದಕ್ಕೆ ಹತ್ತರ ಚೌಕಟ್ಟು ಅನ್ನೋಣ. ಏಳು ಗುಂಡಿ ಇಟ್ಟರೆ ಮೇಲಿನ ಸಾಲು ತುಂಬಿ ಕೆಳಗೆ ಎರಡು ಬರುತ್ತವೆ, ಮೂರು ಮನೆ ಖಾಲಿ. ಏಳು ಅಂದರೆ ಐದು ಮತ್ತು ಎರಡು, ಹತ್ತಕ್ಕೆ ಮೂರು ಕಮ್ಮಿ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮುಂದೆ 8 + 5 ಬಂದಾಗ "ಎಂಟಕ್ಕೆ ಎರಡು ಕೊಟ್ಟರೆ ಹತ್ತು, ಇನ್ನು ಮೂರು, ಹದಿಮೂರು" ಅಂತ ಮಾಡಲು ಇದೇ ಆಧಾರ.

ಬಚ್ಚಿಡುವ ಆಟ: ಏಳು ಗುಂಡಿ ತೋರಿಸಿ, ಮಗು ಕಣ್ಣು ಮುಚ್ಚಿದಾಗ ಕೆಲವನ್ನು ಡಬ್ಬಿ ಕೆಳಗೆ ಬಚ್ಚಿಡಿ. ಹೊರಗೆ ನಾಲ್ಕಿದೆ. ಒಳಗೆಷ್ಟು? ಆಮೇಲೆ ಬಚ್ಚಿಡುವ ಸರದಿ ಮಗುವಿನದು. ನೀವು ಬೇಕಂತಲೇ ಒಮ್ಮೆ ತಪ್ಪು ಹೇಳಿ ನೋಡಿ, ತಿದ್ದುವ ಹುರುಪು ಬರುತ್ತದೆ.

ಹಂತ 7: ಈಗ ಬರೆಯಿರಿ

ಮಗು ಬಿಡಿಸಿದ ಕಥೆಯನ್ನೇ ಬರೆದು ತೋರಿಸಿ. "ನೀನು ಐದು ಇಟ್ಟೆ, ಮೂರು ಸೇರಿಸಿದೆ. ಅದನ್ನ ಹೀಗೆ ಬರೀತಾರೆ: 5 + 3 = 8." ಕೆಲವು ದಿನ ಇದನ್ನು ಉಲ್ಟಾ ಮಾಡಿ. 6 - 2 ಅಂತ ಬರೆದು "ಇದಕ್ಕೊಂದು ಕಥೆ ಹೇಳು" ಅನ್ನಿ.

ಸಮ ಚಿಹ್ನೆ ಅಂದರೆ "ಉತ್ತರ ಇಲ್ಲಿ ಬರಿ" ಅಂತ ಮಕ್ಕಳು ತಿಳಿದುಕೊಳ್ಳುವುದು ತೀರಾ ಸಾಮಾನ್ಯ. ದೊಡ್ಡ ತರಗತಿಗೆ ಹೋದ ಮೇಲೂ 8 + 4 = __ + 5 ಅಂತ ಕೊಟ್ಟರೆ ಖಾಲಿ ಜಾಗದಲ್ಲಿ 12 ತುಂಬುತ್ತಾರೆ. ಬರಬೇಕಾದ್ದು 7. ಹಾಗಾಗಿ ಮೊದಲಿಂದಲೇ 8 = 5 + 3 ಅಂತಲೂ, 4 + 4 = 5 + 3 ಅಂತಲೂ ಬರೆಯಿರಿ. ಓದುವಾಗ "ಎರಡೂ ಕಡೆ ಅಷ್ಟೇ" ಅನ್ನಿ.

ಎಲ್ಲರೂ ಬೀಳುವ ಹಳ್ಳಗಳು

ಅತಿ ದೊಡ್ಡದು ಪದ ನೋಡಿ ಲೆಕ್ಕ ಮಾಡಿಸುವುದು. "'ಒಟ್ಟು' ಅಂದ್ರೆ ಕೂಡು, 'ಉಳಿದಿದೆ' ಅಂದ್ರೆ ಕಳೆ" ಅಂತ ಹೇಳಿಕೊಟ್ಟರೆ ನಾಲ್ಕು ದಿನ ಚೆನ್ನಾಗಿ ನಡೆಯುತ್ತದೆ. ಆಮೇಲೆ ಮೇಲೆ ಹೇಳಿದ ಕಥೆ ಬರುತ್ತದೆ: 3 ಕೊಟ್ಟೆ, 5 ಉಳಿದಿದೆ, ಮೊದಲು ಎಷ್ಟಿತ್ತು? "ಉಳಿದಿದೆ" ಇದೆ ಅಂತ ಮಗು ಕಳೆಯುತ್ತದೆ. ಕಥೆ ಓದದೆ ಅಂಕಿ ಹೆಕ್ಕುವ ಈ ಚಟ ಎಲ್ಲಿಗೆ ಹೋಗುತ್ತದೆ ಗೊತ್ತಾ? ಫ್ರಾನ್ಸಿನಲ್ಲಿ ಸಂಶೋಧಕರು ಶಾಲಾ ಮಕ್ಕಳಿಗೆ "ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕಪ್ತಾನನ ವಯಸ್ಸೆಷ್ಟು?" ಅಂತ ಕೇಳಿದ್ದರು. ಬಹಳಷ್ಟು ಮಕ್ಕಳು ಕೂಡಿ 36 ಅಂದರು! ನಡುನಡುವೆ ಇಂಥ ಒಂದು ತಲೆಹರಟೆ ಪ್ರಶ್ನೆಯನ್ನು ನೀವೂ ಹಾಕಿ. "ಇದನ್ನ ಹೇಳಕ್ಕಾಗಲ್ಲ" ಅಂತ ಮಗು ಹೇಳಿದರೆ ಅದೂ ಸರಿ ಉತ್ತರವೇ.

ಗಡಿಯಾರ ಇಟ್ಟು ಅವಸರ ಮಾಡುವುದು, ಅಕ್ಕನಿಗೋ ಪಕ್ಕದ ಮನೆಯ ಹುಡುಗನಿಗೋ ಹೋಲಿಸುವುದು, "ಇಷ್ಟೂ ಬರಲ್ವಾ" ಅನ್ನುವುದು: ಇವು ಬೇಡ ಅಂತ ವಿವರಿಸಬೇಕಿಲ್ಲ ಅಂದುಕೊಳ್ಳುತ್ತೇನೆ.

ಬೆರಳು ಎಣಿಸಬೇಡ ಅಂತ ಗದರುವವರು ಇನ್ನೂ ಇದ್ದಾರೆ. ಬೆರಳು ಎಣಿಸಲಿ ಬಿಡಿ. ಎರಡು ಕೈ, ಕೈಗೆ ಐದು: ಸದಾ ಜೊತೆಗಿರುವ ಹತ್ತರ ಚೌಕಟ್ಟು ಅದು. ಗದರಿದರೆ ಬೆರಳು ಮೇಜಿನ ಕೆಳಗೆ ಹೋಗುತ್ತದೆ, ಮಗು ಏನು ಮಾಡುತ್ತಿದೆ ಅಂತ ನಿಮಗೆ ಕಾಣದಂತಾಗುತ್ತದೆ.

ಮಗು ಬೇಡ ಅಂದ ದಿನ ನಿಲ್ಲಿಸಿ. ವಾರಗಟ್ಟಲೆ ಬೇಡ ಅನ್ನುತ್ತಿದ್ದರೆ ಸಂಖ್ಯೆ ದೊಡ್ಡದಾಗಿದೆ ಅಂತ ಅರ್ಥ ಇರಬಹುದು. ಅದೇ ಕಥೆಗಳನ್ನು 5ರೊಳಗೆ ತಂದು ನೋಡಿ. ಆರೇಳು ವರ್ಷವಾದರೂ, ನಿಧಾನವಾಗಿ ಜೊತೆಗೆ ಕೂತು ಹಲವು ತಿಂಗಳು ಮಾಡಿದರೂ, ಐದು ವಸ್ತು ಎಣಿಸಿ ಕೊಡುವುದು ಅಥವಾ 4 ಮತ್ತು 7ರಲ್ಲಿ ಯಾವುದು ದೊಡ್ಡದು ಅನ್ನುವುದು ತಲೆಯಲ್ಲಿ ನಿಲ್ಲುತ್ತಲೇ ಇಲ್ಲ ಅಂದರೆ ಶಾಲೆಯ ಟೀಚರ್ ಜೊತೆ ಮಾತಾಡಿ, ಮಕ್ಕಳ ವೈದ್ಯರಿಗೂ ತೋರಿಸಿ. ಕಣ್ಣು, ಕಿವಿ ಸರಿಯಿದೆಯೇ ಅಂತ ಮೊದಲು ನೋಡಿಸಬೇಕು. ಡಿಸ್ಕ್ಯಾಲ್ಕ್ಯುಲಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಸಂಖ್ಯೆಗಳು ಮಾತ್ರ ಕೈಗೆ ಹತ್ತದ ಕಲಿಕೆಯ ತೊಂದರೆ, ಕೆಲವು ಮಕ್ಕಳಿಗೆ ಇರುತ್ತದೆ. ಅದನ್ನು ಗುರುತಿಸುವುದು ಆ ವಿಷಯದಲ್ಲಿ ತರಬೇತಿ ಪಡೆದವರ ಕೆಲಸ. ಮನೆಯಲ್ಲೇ ಹೆಸರು ಹಚ್ಚಬೇಡಿ. ಅವರ ಹತ್ತಿರ ಹೋಗುವಾಗ ಮಗು ಯಾವ ಕಥೆಯನ್ನು ಹೇಗೆ ಬಿಡಿಸಿತು, ಎಲ್ಲಿ ನಿಂತಿತು ಅಂತ ಒಂದೆರಡು ವಾರ ಬರೆದಿಟ್ಟ ಚೀಟಿ ಒಯ್ಯಿರಿ.